ಕ್ಯಾಂಪಸ್ಸಿನ ಕಾರ್ಯಕ್ರಮಕ್ಕೆ ನಮ್ಮೂರಿಂದ ಯಾರು ಹೋಗ್ತಾರೆ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಮೊಬೈಲಿಗೆ ಆಮಂತ್ರಣಗಳ ಸುರಿಮಳೆ. ವಿಶೇಷ ಉಪನ್ಯಾಸ, ವಿಚಾರ ಸಂಕಿರಣ, ಉದ್ಘಾಟನೆ, ಸಮಾರೋಪ. ಪತ್ರಿಕೋದ್ಯಮ ಓದಿ ಸಿರಿಗೇರಿಗೆ ಬಂದಿರುವ ನಾವು ಒಂದಿಷ್ಟು ಜನ ಅವನ್ನೆಲ್ಲ ಊರಿನ ವಾಟ್ಸಾಪ್ ಗುಂಪಿಗೆ ದಾಟಿಸುತ್ತೇವೆ. ಒಂದಿಬ್ಬರು ಕೈಮುಗಿಯುವ ಚಿತ್ರ ಹಾಕುತ್ತಾರೆ. ಹೋಗುವವರು ಮಾತ್ರ ಯಾರೂ ಇಲ್ಲ.

"ಅದು ಓದಿದೋರಿಗೆ ಬಿಡ್ರಪ್ಪ, ನಮಗೇನೈತಿ ಅಲ್ಲಿ?" ಅಂದರು ನಮ್ಮೂರ ಹಿರಿಯರೊಬ್ಬರು.

ಆ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಯಾಕೆಂದರೆ ಅದೇ ಹಿರಿಯರು ರಾಯಚೂರಿನ ಕೃಷಿ ಮೇಳಕ್ಕೆ ಟೆಂಪೊ ಮಾಡಿಸಿಕೊಂಡು ಹೋಗಿ ಬಂದವರು. ಅದು ನಡೆಯುವುದೂ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 2008ರಲ್ಲಿ. ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುವ ಮೇಳಕ್ಕೆ ಹೋಗಲು ಯಾರೂ "ನಾನು ಓದಿಲ್ಲ" ಅನ್ನುವುದಿಲ್ಲ. ಬೀಜ ನೋಡಬಹುದು, ಯಂತ್ರ ಮುಟ್ಟಬಹುದು, ವಿಜ್ಞಾನಿಯನ್ನು ನಿಲ್ಲಿಸಿ ಭತ್ತದ ರೋಗದ ಬಗ್ಗೆ ಕೇಳಬಹುದು. ಬೆಳಿಗ್ಗೆ ಹೋದರೂ ಸರಿ, ಮಧ್ಯಾಹ್ನ ಹೋದರೂ ಸರಿ.

ಹಾಗಾದರೆ ಜನರಿಗೆ ಕ್ಯಾಂಪಸ್ ಬೇಡ ಅಂತಲ್ಲ. ಅಲ್ಲಿ ತಮಗೇನಿದೆ ಅಂತ ಹೇಳುವವರಿಲ್ಲ. ಆಮಂತ್ರಣದಲ್ಲಿ ವೇದಿಕೆ ಮೇಲೆ ಕೂರುವವರ ಹೆಸರು ಹತ್ತು ಇರುತ್ತವೆ, ಕೆಳಗೆ ಕೂರುವವರಿಗೆ ಸಿಗುವುದೇನು ಅಂತ ಒಂದು ಸಾಲೂ ಇರುವುದಿಲ್ಲ. ಆ ಒಂದು ಸಾಲನ್ನು ನಾವೇ ಬರೆಯೋಣ ಅಂದುಕೊಂಡೆವು. ಮುಂದಿನ ತಿಂಗಳುಗಳಲ್ಲಿ ಬರುವ ದಿನಗಳು ಇವು.

ಸೆಪ್ಟೆಂಬರ್ 24 ರಾಷ್ಟ್ರೀಯ ಸೇವಾ ಯೋಜನೆಯ ದಿನ. 1969ರಲ್ಲಿ ಶುರುವಾದ ಎನ್‌ಎಸ್‌ಎಸ್ ಇದೇ. ಇದರ ವಿದ್ಯಾರ್ಥಿಗಳು ವರ್ಷದಲ್ಲೊಮ್ಮೆ ಏಳು ದಿನ ಯಾವುದಾದರೂ ಹಳ್ಳಿಯಲ್ಲಿ ಉಳಿದು ಶಿಬಿರ ಮಾಡುತ್ತಾರೆ. ಅಂದರೆ ಕ್ಯಾಂಪಸ್ಸೇ ಊರಿಗೆ ಬಂದಂತೆ. ನಿಮ್ಮೂರಿಗೆ ಬಂದರೆ ಚರಂಡಿ ಬಳಿಸಿ, ಫೋಟೊ ತೆಗೆಸಿ ಕಳಿಸಬೇಡಿ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಿ ಅಂತ ಕೇಳಿ. ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ ಒಂದಕ್ಕೊಂದು ಹೊಂದದೆ ನಿಂತುಹೋದ ಅರ್ಜಿಗಳು ಮನೆಮನೆಯಲ್ಲೂ ಇವೆ.

ನವೆಂಬರ್ 1 ರಾಜ್ಯೋತ್ಸವ. ನವೆಂಬರ್ 26 ಸಂವಿಧಾನ ದಿನ. ಫೆಬ್ರವರಿ 28 ವಿಜ್ಞಾನ ದಿನ, ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದ ದಿನ. ಅವತ್ತು ಹಲವು ಕಾಲೇಜುಗಳಲ್ಲಿ ವಿಜ್ಞಾನ ಪ್ರದರ್ಶನ ಇರುತ್ತದೆ. ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆ ದಿನ ಇಲ್ಲ.

ಇನ್ನೊಂದು ಹಂಪಿಯ ನುಡಿಹಬ್ಬ. 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಆ ಹೆಸರು. ಆ ವಿಶ್ವವಿದ್ಯಾಲಯ ಕೊಡುವ ನಾಡೋಜ ಗೌರವ ದೊಡ್ಡ ಸಾಹಿತಿಗಳಿಗಷ್ಟೇ ಅಲ್ಲ, ಬುರ್ರಕಥೆ ಹೇಳುತ್ತಿದ್ದ ದರೋಜಿ ಈರಮ್ಮನಿಗೂ ಸಿಕ್ಕಿದೆ. ಶಾಲೆಯ ಮೆಟ್ಟಿಲು ಹತ್ತದ ಆಕೆ ಗಂಟೆಗಟ್ಟಲೆ ಹಾಡುವ ಕಥೆಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದಳು. 2014ರಲ್ಲಿ ತೀರಿಕೊಂಡಳು. "ಓದಿದೋರಿಗೆ ಬಿಡ್ರಪ್ಪ" ಅನ್ನುವವರಿಗೆ ನಾವು ಹೇಳುವುದು ಈರಮ್ಮನ ಹೆಸರನ್ನೇ.

ನಮಗೆ ಹತ್ತಿರದ್ದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. 2010ರಲ್ಲಿ ಅದು ಆಗುವ ಮುಂಚೆ ನಮ್ಮ ಅಣ್ಣಂದಿರು, ಅಕ್ಕಂದಿರು ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ ಓದಿದವರು. ಈಗ ವಿಶ್ವವಿದ್ಯಾಲಯ ಬಸ್ಸಿನ ದಾರಿಯಲ್ಲಿದೆ. ಆದರೆ ಆ ಬಸ್ಸಿನದೇ ಒಂದು ತೊಡಕಿದೆ.

ನಾವು ಓದುವಾಗ ಒಂದು ಪತ್ರಿಕಾ ದಿನಾಚರಣೆ ನಡೆಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ನಮಗೆ ಗೊತ್ತಿತ್ತು. ಮರುವರ್ಷವೇ ಅದು 'ಕನ್ನಡ ಸಮಾಚಾರ' ಎಂಬ ಹೆಸರಲ್ಲಿ ನಮ್ಮ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು ಅಂತ ಭಾಷಣದಲ್ಲಿ ಕೇಳಿದಾಗ ಮೈ ನವಿರೆದ್ದಿತು. ಹನ್ನೊಂದಕ್ಕೆ ಅಂದಿದ್ದ ಕಾರ್ಯಕ್ರಮ ಶುರುವಾದದ್ದು ಒಂದೂವರೆಗೆ. ಪ್ರಶ್ನೆ ಕೇಳುವ ಹೊತ್ತಿಗೆ ಹಳ್ಳಿಯ ಹುಡುಗಿಯರೆಲ್ಲ ಬ್ಯಾಗು ಹೆಗಲಿಗೇರಿಸಿ ಎದ್ದಿದ್ದರು. ಕೊನೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮರುದಿನದಿಂದ ಕಾಲೇಜೇ ಬೇಡ ಅಂದಾರು ಅನ್ನುವ ಭಯ. ನಮ್ಮ ತಂಡದ ಗೆಳತಿ ಎರಡು ವರ್ಷದಲ್ಲಿ ಒಂದು ಸಾಂಸ್ಕೃತಿಕ ಸಂಜೆಯನ್ನೂ ಕೊನೆಯವರೆಗೆ ನೋಡಲಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಹೊತ್ತಿನ ಚಿಂತೆ ಹಾಗೇ ಇದೆ.

ಅದಕ್ಕೆ ಕಾಲೇಜು, ವಿಶ್ವವಿದ್ಯಾಲಯ ನಡೆಸುವ ದೊಡ್ಡವರಲ್ಲಿ ನಮ್ಮ ಬೇಡಿಕೆ ಸಣ್ಣದು. ಹೇಳಿದ ಹೊತ್ತಿಗೆ ಶುರು ಮಾಡಿ. ಸನ್ಮಾನ ಕೊನೆಗಿಡಿ, ಪ್ರಶ್ನೋತ್ತರ ಮೊದಲಿಡಿ. ನಾಲ್ಕಕ್ಕೆ ಮುಗಿಸಿ. ರೈತರ ಬಗ್ಗೆ ಸಂಕಿರಣ ಮಾಡುವುದಾದರೆ ಭತ್ತದ ಕೊಯ್ಲಿನ ದಿನಗಳಲ್ಲಿ ಇಡಬೇಡಿ. ಆಮೇಲೆ ರೈತರು ಬರಲಿಲ್ಲ ಅನ್ನಬೇಡಿ.

ಊರಿನ ಅಪ್ಪ ಅವ್ವಂದಿರಲ್ಲೂ ಒಂದು ಮಾತು. ಮಗಳು "ನಾಳೆ ಕಾರ್ಯಕ್ರಮ ಐತಿ, ಒಂದು ತಾಸು ತಡ ಆಗ್ತೈತಿ" ಅಂದರೆ ಬೈಯುವ ಮುಂಚೆ ಏನು ಕಾರ್ಯಕ್ರಮ ಅಂತ ಕೇಳಿ. ಆದರೆ ಒಮ್ಮೆ ನೀವೇ ಜೊತೆಗೆ ಹೋಗಿ. ಹಿಂದಿನ ಕುರ್ಚಿಯಲ್ಲಿ ಕೂತರೂ ಸಾಕು. ಮಗಳು ವೇದಿಕೆಯಲ್ಲಿ ಮೈಕ್ ಹಿಡಿದು ಮಾತಾಡುವುದನ್ನು ಕಣ್ಣಾರೆ ನೋಡಿದರೆ ಅವಳ ಓದು ಯಾವುದಕ್ಕೆ ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಇನ್ನು ಮುಂದೆ ಆಮಂತ್ರಣ ಬಂದಾಗ ನಾವು ಬರೀ ಚಿತ್ರ ದಾಟಿಸುವುದಿಲ್ಲ. ಅಲ್ಲಿ ಏನಿದೆ, ಯಾರಿಗೆ ಉಪಯೋಗ, ಯಾವ ಬಸ್ಸಿಗೆ ಹೋಗಬೇಕು, ಯಾವ ಬಸ್ಸಿಗೆ ವಾಪಸ್ ಬರಬಹುದು ಅಂತ ನಾಲ್ಕು ಸಾಲು ಬರೆದು, ಓದಲು ಬಾರದವರಿಗೆ ದನಿಯಲ್ಲೂ ಹೇಳಿ ಕಳಿಸುತ್ತೇವೆ. ಹತ್ತು ಜನ ಒಟ್ಟಾದರೆ ಟೆಂಪೊ ನಾವೇ ಗೊತ್ತು ಮಾಡುತ್ತೇವೆ.