ಲೆವಾಂತೊದಲ್ಲಿ ಇಳಿದುಕೊಳ್ಳಿ

ಇಟಲಿಯ ಲಾ ಸ್ಪೆಝಿಯಾ ಬಿಟ್ಟ ರೈಲು ಸುರಂಗದೊಳಗೆ ನುಗ್ಗುತ್ತದೆ. ಕಿಟಕಿಯ ಗಾಜಿನಲ್ಲಿ ನಿಮ್ಮ ಮುಖವೇ ನಿಮಗೆ ಕಾಣುತ್ತಿದೆ. ಥಟ್ಟನೆ ಕತ್ತಲು ಹರಿದು ಕಡುನೀಲಿ ಸಮುದ್ರ. ಪಕ್ಕದವರು ಮೊಬೈಲ್ ಎತ್ತುವಷ್ಟರಲ್ಲಿ ಮತ್ತೆ ಸುರಂಗ. ಜಿನೋವಾದಿಂದ ಲಾ ಸ್ಪೆಝಿಯಾವರೆಗಿನ ಹಳಿ ಪೂರ್ತಿಯಾದ 1874ರಿಂದಲೂ ಈ ಕಣ್ಣಾಮುಚ್ಚಾಲೆ ನಡೆದೇ ಇದೆ. ಅದಕ್ಕೆ ಮುಂಚೆ ಈ ದಂಡೆಯ ಊರುಗಳಿಗೆ ದೋಣಿಯಲ್ಲಿ ಬರಬೇಕಿತ್ತು, ಇಲ್ಲವೇ ಗುಡ್ಡದ ಕಾಲುದಾರಿ ಹಿಡಿಯಬೇಕಿತ್ತು.

ರಿಯೊಮಜ್ಜೊರೆ, ಮನಾರೊಲಾ, ಕೊರ್ನಿಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಚಿಂಕ್ವೆ ತೆರ್ರೆಯ ಐದೂ ಊರುಗಳು ಒಂದೊಂದಾಗಿ ಬಂದು ಹೋಗುತ್ತವೆ. ಪ್ರತಿ ನಿಲ್ದಾಣದಲ್ಲೂ ಜನ ದೊಡ್ಡ ಸೂಟ್‌ಕೇಸುಗಳನ್ನು ಎಳೆದುಕೊಂಡು ಇಳಿಯುತ್ತಾರೆ. ಅವರನ್ನು ಕಾದಿರುವುದು ಬರೀ ಮೆಟ್ಟಿಲು. ನೀವು ಕೂತಲ್ಲೇ ಕೂತಿರಿ. ಕೊನೆಯ ನಿಲ್ದಾಣ ಲೆವಾಂತೊ. ಅಲ್ಲಿ ನೆಲ ಸಮತಟ್ಟು, ಕೊಲ್ಲಿ ಅಗಲ, ಮೊಂತೆರೊಸ್ಸೊಗೆ ರೈಲಿನಲ್ಲಿ ಐದಾರು ನಿಮಿಷದ ದಾರಿ. ಐದರಲ್ಲೊಂದು ಊರಿನಲ್ಲೇ ಉಳಿಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆಯನ್ನು ಬಿಟ್ಟವರ ರಜೆ ಚೆನ್ನಾಗಿರುತ್ತದೆ.

ಇದು ಸೆಪ್ಟೆಂಬರ್ ಎರಡನೇ ವಾರ. ಆಗಸ್ಟ್ 15ರ ಫೆರಗೋಸ್ತೊ ಹಬ್ಬದ ಆಚೀಚೆ ಇಡೀ ಇಟಲಿಯೇ ಕಡಲಿಗೆ ಇಳಿದಿರುತ್ತದೆ. ಆಗ ಕೋಣೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳುವಂತಿಲ್ಲ. ಈಗ ಆ ಗದ್ದಲ ಇಳಿದಿದೆ, ಬೇಸಿಗೆಯಿಡೀ ಕಾದ ನೀರು ಮಾತ್ರ ಇನ್ನೂ ಬೆಚ್ಚಗಿದೆ. ಈ ದಿನಕ್ಕಾಗಿ ನೀವು ಬೇಸಿಗೆಗೆ ಮೊದಲೇ ಬೆಂಗಳೂರಿನಲ್ಲಿ ಕಾಗದಪತ್ರ ಜೋಡಿಸಿಕೊಂಡಿದ್ದಿರಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು; ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇಬೇಕು. ಆ ಪುರಾಣ ಇಷ್ಟಕ್ಕೇ ಸಾಕು.

ಮರುದಿನ ಬೆಳಿಗ್ಗೆ ಎಂಟಕ್ಕೇ ಕೊರ್ನಿಲ್ಯಾದಲ್ಲಿ ಇಳಿದಿದ್ದೀರಿ. ಊರಿರುವುದು ನೂರು ಮೀಟರ್ ಮೇಲೆ, ಬಂಡೆಯ ನೆತ್ತಿಯಲ್ಲಿ. ಹತ್ತಲು ತಿರುವುತಿರುವಾಗಿ ಹೆಚ್ಚುಕಡಿಮೆ 380 ಇಟ್ಟಿಗೆ ಮೆಟ್ಟಿಲು. ಮಂಡಿನೋವಿನವರಿಗೆ ಚಿಕ್ಕ ಬಸ್ಸಿದೆ, ಅದನ್ನು ಹತ್ತಲು ಸಂಕೋಚ ಬೇಡ. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳಿ, ಸುತ್ತ ನೋಡಿ. ಗಾರೆ, ಸಿಮೆಂಟು ಯಾವುದೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಗುಡ್ಡದ ತುದಿಯವರೆಗೂ ಏರಿವೆ. ಒಂದೊಂದು ಗೋಡೆಯ ಹಿಂದೆಯೂ ಒಂದು ಪಟ್ಟಿ ಮಣ್ಣು, ಅದರಲ್ಲಿ ದ್ರಾಕ್ಷಿ ಬಳ್ಳಿ. ಈಗ ಕೊಯ್ಲಿನ ಕಾಲ. ಒಂಟಿ ಹಳಿಯ ಪುಟ್ಟ ಬಂಡಿಯೊಂದು ಹಣ್ಣಿನ ಬುಟ್ಟಿಗಳನ್ನು ಹೊತ್ತು ಕಡಿದಾದ ಇಳಿಜಾರಿನಲ್ಲಿ ಗುರುಗುಡುತ್ತಿದೆ. ಆರಿಸಿದ ಗೊಂಚಲುಗಳನ್ನು ನೆರಳಿನಲ್ಲಿ ಒಣಗಿಸಿ ಶಕೆತ್ರಾ ಎಂಬ ಸಿಹಿ ವೈನ್ ಮಾಡುತ್ತಾರೆ.

1997ರಲ್ಲಿ ಯುನೆಸ್ಕೊ ಇಲ್ಲಿಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು. ಅದರ ತಿರುಳು ಮನುಷ್ಯರು ತಲೆಮಾರುಗಳ ಕಾಲ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಈ ಗುಡ್ಡ. ಪೋಸ್ಟ್‌ಕಾರ್ಡಿನ ಬಣ್ಣದ ಮನೆಗಳು ಅದರ ಒಂದು ಮೂಲೆ ಮಾತ್ರ. ಬೇಸಾಯ ಬಿಟ್ಟುಹೋದ ಕಡೆ ಗೋಡೆ ಕುಸಿಯುತ್ತದೆ, ಗೋಡೆ ಹಿಡಿದಿಟ್ಟ ಮಣ್ಣೂ ಜಾರುತ್ತದೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ, ಮೊಂತೆರೊಸ್ಸೊಗಳ ಬೀದಿಗಳು ಕೆಸರಿನಲ್ಲಿ ಹೂತುಹೋಗಿದ್ದವು. ಮರುವರ್ಷ ಕಲ್ಲು ಉರುಳಿ ಮುಚ್ಚಿದ ರಿಯೊಮಜ್ಜೊರೆ–ಮನಾರೊಲಾ ನಡುವಿನ ‘ಪ್ರೇಮದ ಹಾದಿ’ ಪೂರ್ತಿ ತೆರೆದದ್ದು 2024ರಲ್ಲಿ. ಅದಕ್ಕೀಗ ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆದುಕೊಳ್ಳಬೇಕು. ಉಳಿದ ಹಾದಿಗಳೂ ಮಳೆ ಬಂದರೆ ಮುಚ್ಚುತ್ತವೆ. ಚಪ್ಪಲಿಯಲ್ಲಿ ಹೊರಟವರಿಗೆ ದಂಡ ಹಾಕುತ್ತಾರೆ, ಹಾಕಲೇಬೇಕು.

ಕೊರ್ನಿಲ್ಯಾದಿಂದ ವೆರ್ನಾತ್ಸಾಕ್ಕೆ ಇಳಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿದೆ. ಹತ್ತೂವರೆಗೇ ಬಂದರಿನ ಪುಟ್ಟ ಚೌಕ ತುಂಬಿದೆ. ಲಾ ಸ್ಪೆಝಿಯಾಕ್ಕೆ ಬಂದು ನಿಂತ ಪ್ರವಾಸಿ ಹಡಗುಗಳ ಜನ, ಕೊಡೆ ಎತ್ತಿ ಹಿಡಿದ ಗೈಡುಗಳ ಹಿಂದೆ. ಇಲ್ಲಿ ನಿಲ್ಲಬೇಡಿ. ಲೆವಾಂತೊಗೆ ವಾಪಸು ಹೊರಡಿ.

ಊಟ ಎರಡು ಗಂಟೆಯೊಳಗೇ ಮುಗಿಯಬೇಕು. ಆಮೇಲೆ ಅಡುಗೆಮನೆಗಳು ಸಂಜೆಯವರೆಗೆ ಬಾಗಿಲು ಹಾಕುತ್ತವೆ. ಬೇಕರಿಯ ಒಲೆಯಿಂದ ಅಗಲವಾದ ತಟ್ಟೆ ಹೊರಬರುತ್ತದೆ: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ. ಇದು ಫರಿನಾತಾ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೊದಲ ತುತ್ತಿಗೇ ನಾಲಿಗೆ ಗುರುತು ಹಿಡಿಯುತ್ತದೆ, ಒಗ್ಗರಣೆಯಿಲ್ಲವಲ್ಲ ಎಂದು ಗೊಣಗುತ್ತದೆ. ಈ ಲಿಗೂರಿಯಾ ಪ್ರಾಂತ್ಯದ ತುಳಸಿಜಾತಿಯ ಎಲೆಯ ಪೆಸ್ತೊ ಚಟ್ನಿಯನ್ನು ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸ್ ಗಟ್ಟಿಯಾಗುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬಿಲ್ಲಿನಲ್ಲಿ ಕೊಪೆರ್ತೊ ಎಂದಿದ್ದರೆ ಜಗಳಕ್ಕೆ ಹೋಗಬೇಡಿ. ಅದು ಕೂತದ್ದಕ್ಕೆ ತಲೆಗಿಷ್ಟು ಎಂಬ ಇಲ್ಲಿನ ವಾಡಿಕೆ.

ನಾಲ್ಕು ಗಂಟೆ. ಲೆವಾಂತೊದ ದಂಡೆಯ ಮೇಲೆ ಬಣ್ಣದ ಕೊಡೆಗಳ ಸಾಲು. ನೀರಿಗೆ ಹತ್ತಿರದ ಸಾಲಿಗೆ ಬಾಡಿಗೆ ಹೆಚ್ಚು. ಕೊಡೆ ಬೇಡವಾದರೆ ಸಾರ್ವಜನಿಕ ದಂಡೆಯಲ್ಲಿ ಟವೆಲು ಹಾಸಿ. ಕಡಲ ದಂಡೆ ಇಲ್ಲಿ ಸರ್ಕಾರದ ಸ್ವತ್ತು, ನೀರಿನಂಚಿನ ಓಡಾಟವನ್ನು ಯಾರೂ ತಡೆಯುವಂತಿಲ್ಲ. ಮರಳಿನಲ್ಲಿ ಬೆಣಚುಕಲ್ಲು ಬೆರೆತಿದೆ, ಅಂಗಾಲು ಚುಚ್ಚುತ್ತದೆ. ಹತ್ತು ಹೆಜ್ಜೆ ಸಹಿಸಿ ಮುಂದೆ ಹೋದರೆ ನೀರು ಎದೆಮಟ್ಟ. ನಾಳೆ ಹಾದಿ ಮುಚ್ಚಿದ್ದರೂ ಚಿಂತೆಯಿಲ್ಲ. ಇಲ್ಲಿಂದ ಬೊನಸ್ಸೊಲಾ, ಫ್ರಮೂರಾದ ಕಡೆಗೆ ಹಳೆಯ ರೈಲುಸುರಂಗಗಳನ್ನೇ ಸೈಕಲ್ ದಾರಿ ಮಾಡಿದ್ದಾರೆ. ನಿನ್ನೆ ರೈಲಿನಲ್ಲಿ ಕೈತಪ್ಪಿದ ಆ ಕಡಲಿನ ತುಣುಕುಗಳನ್ನು ಅಲ್ಲಿ ನಿಂತು ನೋಡಬಹುದು.

ಕನಿಷ್ಠ ಮೂರು ರಾತ್ರಿ ಬಿಡುವಿದ್ದರೆ ಮಾತ್ರ ಇತ್ತ ಬನ್ನಿ. ಒಂದೇ ದಿನದಲ್ಲಿ ಐದೂ ಊರು ಮುಗಿಸುವ ಲೆಕ್ಕವಿದ್ದರೆ ಆ ದಿನವನ್ನು ಫ್ಲಾರೆನ್ಸ್‌ಗೇ ಕೊಟ್ಟುಬಿಡಿ.