ಬರೆದವನ ಪಾಲು

ಹಳೆಯ ಹಸ್ತಪ್ರತಿಗಳನ್ನು ಪರಿಶೀಲಿಸುವವರಿಗೆ ಗ್ರಂಥದಷ್ಟೇ ಆಸಕ್ತಿಕರವಾಗಿ ಕಾಣುವುದು ಗ್ರಂಥ ಮುಗಿದ ಮೇಲೆ ಲಿಪಿಕಾರನು ಬರೆದಿಡುವ ನಾಲ್ಕು ಮಾತುಗಳು. ಬಾಗಿ ಕುಳಿತು ಬರೆದುದರಿಂದ ಬೆನ್ನಿಗೂ ಕತ್ತಿಗೂ ಆದ ನೋವನ್ನು ಆತ ಹೇಳಿಕೊಳ್ಳುತ್ತಾನೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡುತ್ತಾನೆ. ನೀರು, ಎಣ್ಣೆಗಳಿಂದ ಈ ಪ್ರತಿಯನ್ನು ಕಾಪಾಡಿರೆಂದು ಕೋರಿ ಕಂಠವನ್ನು ಕೆಳಗಿಡುತ್ತಾನೆ. ಅಲ್ಲಿಗೆ ಅವನ ಪಾಲು ಮುಗಿಯಿತು. ಆ ಗರಿಗಳ ಕಟ್ಟು ಮುಂದೆ ಯಾವ ಭಂಡಾರವನ್ನು ಸೇರಿತು, ಯಾರು ಅದನ್ನು ಬಿಚ್ಚಿ ಓದಿದರು ಎಂಬುದು ಅವನಿಗೆ ತಿಳಿಯುವ ವಿಷಯವಲ್ಲ.

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೆ ಈ ಸಂಗತಿ ಪುಸ್ತಕಜ್ಞಾನವಾಗಿ ಬಹುಕಾಲದಿಂದ ಗೊತ್ತಿತ್ತು. ಅದು ಅನುಭವಜ್ಞಾನವಾಗಲು ಮಾತ್ರ ಒಂದು ವೀರಗಲ್ಲು ಒಡೆಯಬೇಕಾಯಿತು.

ಸೇವೆಯಲ್ಲಿದ್ದಾಗಲೇ ಅವರು ರಜೆಯ ದಿನಗಳಲ್ಲಿ ಸೈಕಲ್ಲಿನ ಮೇಲೆ, ಆಮೇಲೆ ಸ್ಕೂಟರಿನ ಮೇಲೆ ಊರೂರು ತಿರುಗಿ ಶಿಲಾಶಾಸನಗಳನ್ನು ಓದುತ್ತಿದ್ದರು. ಕೈಚೀಲದಲ್ಲಿ ಬ್ರಷ್ಷು, ಮಸಿ, ಕಾಗದದ ಸುರುಳಿ, ಒಂದು ಬಾಟಲಿ ನೀರು. ಹೊಲದ ಬದುವಿನ ದಾನಶಾಸನ, ಹನುಮಪ್ಪನ ಗುಡಿಯ ಹಿಂದಿನ ಮಾಸ್ತಿಗಲ್ಲು, ದನಗಳು ಮೈ ಉಜ್ಜುವ ನಿಸಿಧಿ, ಹೀಗೆ ಪ್ರಕಟಿತ ಸಂಪುಟಗಳಲ್ಲಿ ಸೇರದೆ ಉಳಿದ ಬರಹಗಳನ್ನು ಹುಡುಕಿ ಪಡಿಯಚ್ಚು ತೆಗೆದು, ಪಾಠವನ್ನು ನಿರ್ಣಯಿಸಿ, ಟಿಪ್ಪಣಿ ಬರೆದು ಮೊದಲ ಸಂಪುಟವನ್ನು ಸಿದ್ಧಪಡಿಸಲು ಅವರಿಗೆ ಹನ್ನೆರಡು ವರ್ಷ ಹಿಡಿಯಿತು. ಅದನ್ನು ಅಚ್ಚು ಹಾಕಲು ಒಪ್ಪಿದ ಪ್ರಕಾಶಕರೊಬ್ಬರು ಸಿಕ್ಕಾಗ ಮಾಸ್ತರರಿಗೆ ಬದುಕು ಸಾರ್ಥಕವಾಯಿತೆನಿಸಿತು. ಚಿಂತೆ ಆರಂಭವಾದದ್ದು ಅಲ್ಲಿಂದಲೇ.

ಕರಡಚ್ಚು ತಿದ್ದಿ ಕಳಿಸಿದ ಮೇಲೆ ಎಂಟು ತಿಂಗಳು ಸುದ್ದಿಯಿಲ್ಲ. ಕಡೆಗೆ ಡಿಸೆಂಬರಿನಲ್ಲಿ ಪುಸ್ತಕ ಹೊರಬಂದಾಗ ಶಕಟರೇಫವಿರಬೇಕಾದ ಕಡೆಯಲ್ಲೆಲ್ಲ ಸಾಮಾನ್ಯ ರಕಾರ ಕುಳಿತಿತ್ತು. ಆಯಾ ವರ್ಷದ ಪುಸ್ತಕಗಳನ್ನು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಸಲ್ಲಿಸಬೇಕಾದವರು ಪ್ರಕಾಶಕರು. ಅವರು ಆ ವರ್ಷ ಸಲ್ಲಿಸಲಿಲ್ಲ. ಕನ್ನಡದಲ್ಲಿ ಇಂಥ ಶಾಸ್ತ್ರಗ್ರಂಥಗಳಿಗೆ ಅದೇ ದೊಡ್ಡ ಗಿರಾಕಿಯಾದ್ದರಿಂದ ಅಚ್ಚಾದ ಐನೂರು ಪ್ರತಿಗಳಲ್ಲಿ ಬಹುಪಾಲು ರಟ್ಟಿನ ಪೆಟ್ಟಿಗೆಗಳಲ್ಲಿಯೇ ಉಳಿದವು. ಮಾಸ್ತರರು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಮಾಡುವುದನ್ನು ರೂಢಿಸಿಕೊಂಡರು. ವಿಮರ್ಶೆಗೆ ಕಳಿಸಿದ್ದೀರಾ, ಧಾರವಾಡದ ಅಂಗಡಿಗಳಿಗೆ ಪ್ರತಿ ಹೋಗಿದೆಯೇ, ಸಮ್ಮೇಳನದ ಮಳಿಗೆಯಲ್ಲಿ ಇಟ್ಟಿದ್ದೀರಾ ಎಂಬ ಪ್ರಶ್ನೆಗಳಿಗೆ ಮೊದಮೊದಲು ಉತ್ತರ ಬರುತ್ತಿತ್ತು. ಆಮೇಲೆ ಫೋನು ಎತ್ತುವುದೂ ನಿಂತಿತು. ಎರಡನೆಯ ಸಂಪುಟಕ್ಕೆಂದು ತಂದ ಕಾಗದದಲ್ಲಿ ಅವರು ಪ್ರಕಾಶಕರಿಗೆ, ಸಂಪಾದಕರಿಗೆ, ಅಧಿಕಾರಿಗಳಿಗೆ ಪತ್ರ ಬರೆಯತೊಡಗಿದರು. ಹೀಗೆ ಎರಡು ವರ್ಷ ಕಳೆಯಿತು.

ಆ ಎರಡು ವರ್ಷಗಳ ಹಿಂದೆ ಅವರು ಒಂದು ಕೆರೆಯ ಏರಿಯ ಕೆಳಗೆ ಅರ್ಧ ಹೂತಿದ್ದ ವೀರಗಲ್ಲನ್ನು ನೋಡಿದ್ದರು. ಪಟ್ಟಿಕೆಯ ಮೇಲೆ ಐದು ಸಾಲಿನ ಬರಹ. ಸಂಜೆಯ ಬೆಳಕಿನಲ್ಲಿ ಮೇಲಿನ ಎರಡು ಸಾಲು ಮಾತ್ರ ಸ್ಪಷ್ಟವಾಗಿ ಓದಲು ಬಂದಿದ್ದವು: ಊರಿನ ಹೆಸರು, ತುಱುಗಳನ್ನು ಹಿಡಿದೊಯ್ದವರೊಡನೆ ನಡೆದ ಕಾಳಗದ ಪ್ರಸ್ತಾಪ. ಕಾದಿ ಸತ್ತವನ ಹೆಸರು ಕೆಳಗಿನ ಸಾಲುಗಳಲ್ಲಿ ಇದ್ದಿರಬೇಕು. ಮಣ್ಣು ಬಿಡಿಸಿ, ತೊಳೆದು ಪಡಿಯಚ್ಚು ತೆಗೆಯಲು ಇನ್ನೊಂದು ದಿನ ಬರೋಣವೆಂದು ಹಿಂತಿರುಗಿದ್ದರು. ಆ ಇನ್ನೊಂದು ದಿನ ಬರಲೇ ಇಲ್ಲ. ಪ್ರಕಾಶಕರ ಊರಿಗೆ ಹೋಗಿ ಕಾದು ಕುಳಿತ ದಿನಗಳನ್ನು ಎಣಿಸಿದರೆ ಹನ್ನೊಂದಾಗಿದ್ದವು; ಕೆರೆಯ ಊರಿಗೆ ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ.

ಕೊನೆಗೊಮ್ಮೆ ಹೋದಾಗ ಏರಿಯನ್ನು ಭದ್ರಪಡಿಸಿಯಾಗಿತ್ತು. ಕಲ್ಲು ಮೂರು ತುಂಡಾಗಿ ಏರಿಯ ಕಟ್ಟಣೆಯಲ್ಲಿ ಸೇರಿತ್ತು. ಕುದುರೆಯ ಹಿಂಗಾಲೊಂದು ಸಿಮೆಂಟಿನ ನಡುವೆ ಕಾಣುತ್ತಿತ್ತು. ಅಕ್ಷರಗಳಿದ್ದ ಮುಖ ಒಳಗಾಗಿತ್ತು.

ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಸಂಗತಿಯನ್ನೆಲ್ಲ ಕೇಳಿದ ಮಡದಿ, “ಪ್ರಕಾಶಕರಿಗೆ ನೀವು ದಿನಾ ಫೋನ್ ಮಾಡಿದಿರಿ. ಆ ಕಲ್ಲು ನಿಮಗ ಫೋನ್ ಮಾಡೂದಿಲ್ಲರೀ” ಎಂದರು. ಸಿಟ್ಟಿನ ಮಾತಲ್ಲ ಅದು; ತಟ್ಟೆಯನ್ನು ಮುಂದಕ್ಕೆ ಸರಿಸುತ್ತ ಹೇಳಿದ ಮಾತು. ಆದರೆ ಅದಕ್ಕೆ ಮಾಸ್ತರರ ಬಳಿ ಉತ್ತರವಿರಲಿಲ್ಲ. ಒಬ್ಬ ವೀರನ ಹೆಸರು ನೂರಾರು ವರ್ಷ ಮಳೆಬಿಸಿಲನ್ನು ತಾಳಿಕೊಂಡು ಅವರ ಕೈಯಳತೆಯವರೆಗೂ ಬಂದಿತ್ತು. ಅವರು ತಮ್ಮ ಹೆಸರಿನ ಚಿಂತೆಯಲ್ಲಿದ್ದರು.

ಆ ಮಳೆಗಾಲದಲ್ಲಿ ಅವರು ಹಳೆಯ ಪಾಠಗಳನ್ನೇ ಮತ್ತೆ ತೆರೆದರು. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ವಿಷಯಗಳು ಬೇರೊಂದು ಬೆಳಕಿನಲ್ಲಿ ಕಂಡವು. ಹತ್ತನೆಯ ಶತಮಾನದ ಪೊನ್ನ ಉಭಯಕವಿಚಕ್ರವರ್ತಿ ಎನಿಸಿಕೊಂಡವನು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದವನು. ಅಂಥವನ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ಮಲ್ಲಪಯ್ಯ, ಪುನ್ನಮಯ್ಯ ಸೋದರರು ಬರೆಯಿಸಿದ ‘ಶಾಂತಿಪುರಾಣ’ ದೊರೆತಿದೆ. ಮಲ್ಲಪಯ್ಯನ ಮಗಳು ಅತ್ತಿಮಬ್ಬೆ ಆ ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಗರಿಯನ್ನು ಒಣಗಿಸಿ, ಹದಮಾಡಿ, ಒಂದೊಂದಕ್ಷರವನ್ನು ಕಂಠದಿಂದ ಕೊರೆಯಿಸಿ, ಸಾವಿರ ಪ್ರತಿ! ಯಾವ ಕೃತಿಗೆ ಇಂಥ ಭಾಗ್ಯ ಒದಗುವುದು, ಯಾವುದಕ್ಕೆ ಒದಗದು ಎಂಬುದನ್ನು ಪೊನ್ನನು ಬರೆಯುವಾಗ ನಿರ್ಧರಿಸುವಂತಿರಲಿಲ್ಲ. ಎರಡಕ್ಕೂ ಅವನು ಕೊಡಬಹುದಾಗಿದ್ದುದು ತನ್ನ ಶಕ್ತಿಯೊಂದೇ.

ಪಂಪನ ಕಥೆಯೂ ಅಂಥದೇ. 941ರಲ್ಲಿ ಮುಗಿದ ‘ವಿಕ್ರಮಾರ್ಜುನ ವಿಜಯ’ ಅಚ್ಚಿನ ಮುಖ ಕಂಡದ್ದು 1898ರಲ್ಲಿ, ಬಿ. ಎಲ್. ರೈಸ್ ಅವರ ಸಂಪಾದನೆಯಲ್ಲಿ. ನಡುವಣ ಒಂಬತ್ತೂವರೆ ಶತಮಾನಗಳ ಕಾಲ ಆ ಕಾವ್ಯವನ್ನು ಹೊತ್ತು ತಂದವರು ಹೆಸರು ಗೊತ್ತಿಲ್ಲದ ಲಿಪಿಕಾರರು. ಇನ್ನು ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದವನು. ತಾನು ಬರೆದ ಕೃತಿಯನ್ನು ಹಳೆಯ ಕವಿಯೊಬ್ಬನದೆಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದನು. ‘ರಾಮಾಶ್ವಮೇಧ’ದ ಕರ್ತೃ ಆತನೇ ಎಂಬುದು ಲೋಕಕ್ಕೆ ಖಚಿತವಾಗುವ ಹೊತ್ತಿಗೆ ಅವನಿಲ್ಲವಾಗಿ ವರ್ಷಗಳೇ ಕಳೆದಿದ್ದವು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯರೋಗ ಅವನನ್ನು ಒಯ್ದಿತ್ತು. ಅದನ್ನು ಆದರ್ಶವೆಂದು ಹೊಗಳಲು ಮಾಸ್ತರರಿಗೆ ಮನಸ್ಸಾಗಲಿಲ್ಲ. ಬಡತನದಲ್ಲಿ ಸತ್ತ ಕವಿಯ ಮೌನವನ್ನು ವೈರಾಗ್ಯವೆಂದು ಕರೆಯುವುದು ಬದುಕಿರುವವರಿಗೆ ಸುಲಭ. ಆದರೂ ಹೆಸರನ್ನು ಕೈಬಿಟ್ಟು ಕೃತಿಯನ್ನು ಕಳಿಸಿದವನ ಗದ್ಯದಲ್ಲಿ ಎಷ್ಟೊಂದು ನಗುವಿದೆ ಎಂಬುದು ಅವರನ್ನು ಬೆರಗುಗೊಳಿಸಿತು.

ಹಾಗಾದರೆ ಬರೆದವನು ಕೈಕಟ್ಟಿ ಕುಳಿತಿರಬೇಕೇ? ಈ ಪ್ರಶ್ನೆಗೆ ಅವರದೇ ಸೀಮೆಯ ಗಳಗನಾಥರ ನೆನಪು ಉತ್ತರ ಕೊಟ್ಟಿತು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ, ಕಾದಂಬರಿಗಳ ಮೂಲಕ ಕನ್ನಡಕ್ಕೆ ಓದುಗರನ್ನು ದೊರಕಿಸಿದ ಗಳಗನಾಥರು ಪುಸ್ತಕಗಳನ್ನು ಸ್ವತಃ ಹೊತ್ತು ಊರೂರಿಗೆ ನಡೆದು ಮಾರಿದವರು. ಅವರು ಮಾಡಿದ್ದು ದುಡಿಮೆ. ಪುಸ್ತಕವನ್ನು ಹೊತ್ತು ನಡೆದವನಿಗೆ ಸಂಜೆ ಕಾಲು ನೋಯುತ್ತದೆ, ಒಂದಿಷ್ಟು ಪ್ರತಿ ಓದುಗರ ಮನೆ ಸೇರಿರುತ್ತವೆ. ಕುಳಿತು ಚಿಂತಿಸಿದವನಿಗೆ ಮನಸ್ಸು ನೋಯುತ್ತದೆ, ಪ್ರತಿಗಳು ಇದ್ದಲ್ಲೇ ಇರುತ್ತವೆ. ತಾವು ಎರಡು ವರ್ಷ ಯಾವುದನ್ನು ಮಾಡಿದ್ದೆಂದು ಮಾಸ್ತರರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಬಳಿಕ ಅವರು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಪಾಠ ಶುದ್ಧವಾಗಿರುವುದು, ಟಿಪ್ಪಣಿ ಸತ್ಯವಾಗಿರುವುದು, ಕರಡಚ್ಚನ್ನು ಮೂರು ಸಲ ನೋಡುವುದು, ಕರಾರನ್ನು ಓದಿ ಸಹಿ ಹಾಕುವುದು: ಇವು ಬರೆದವನ ಪಾಲು. ಅಂಗಡಿ, ಖರೀದಿಪಟ್ಟಿ, ವಿಮರ್ಶೆ, ಬಹುಮಾನ: ಇವು ಇತರರ ಪಾಲು. ಪ್ರಕಾಶಕರೊಡನೆ ವ್ಯವಹರಿಸಲು ತಿಂಗಳಿಗೆ ಒಂದು ದಿನ. ಆ ದಿನ ಬರಬೇಕಾದ ಗೌರವಧನವನ್ನು ಸಂಕೋಚವಿಲ್ಲದೆ ಕೇಳುವುದು, ಉಳಿದ ದಿನ ಆ ಮಾತೆತ್ತದಿರುವುದು. ಅಭ್ಯಾಸ ಒಮ್ಮೆಗೇ ಕೈಹತ್ತಲಿಲ್ಲ. ಹತ್ತು ಗಂಟೆಯಾದೊಡನೆ ಕೈ ಫೋನಿನ ಕಡೆಗೆ ಹೋಗುತ್ತಿತ್ತು. ಆಗ ಅವರು ಎದ್ದು ಕೈಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

ಪೆಟ್ಟಿಗೆಗಳಲ್ಲಿದ್ದ ಪುಸ್ತಕಗಳಲ್ಲಿ ನೂರನ್ನು ರಿಯಾಯಿತಿ ಬೆಲೆಗೆ ತಾವೇ ಕೊಂಡು, ರಕಾರದ ತಪ್ಪುಗಳನ್ನು ಒಂದೊಂದು ಪ್ರತಿಯಲ್ಲಿಯೂ ಪೆನ್ನಿನಿಂದ ತಿದ್ದಿದರು. ಯಾವ ಯಾವ ಊರಿನ ಶಾಸನ ಆ ಸಂಪುಟದಲ್ಲಿದೆಯೋ ಆ ಊರಿನ ಶಾಲೆಗೆ ಒಂದೊಂದು ಪ್ರತಿ ಕೊಟ್ಟುಬಂದರು. ಒಂದು ಹಳ್ಳಿಯಲ್ಲಿ ಹುಡುಗರು ಪುಸ್ತಕವನ್ನು ಹಿಡಿದು ಗುಡಿಯ ಮುಂದಿನ ಕಲ್ಲಿನ ಬಳಿಗೆ ಹೋಗಿ ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದತೊಡಗಿದರು. ಮರುವರ್ಷ ಗುಡಿಯ ಜೀರ್ಣೋದ್ಧಾರದಲ್ಲಿ ಆ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಸುತ್ತ ಒಂದು ಚಿಕ್ಕ ಕಟ್ಟೆ ಕಟ್ಟಿದರು.

ಎರಡನೆಯ ಸಂಪುಟ ಈಗ ಪ್ರಕಾಶಕರ ಬಳಿಯಿದೆ. ಅದರ ಅನುಬಂಧದಲ್ಲಿ ಕೆರೆಯ ಏರಿಯ ವೀರಗಲ್ಲಿನ ಎರಡು ಸಾಲುಗಳೂ ಸೇರಿವೆ. ಮೂರು, ನಾಲ್ಕು, ಐದನೆಯ ಸಾಲುಗಳ ಜಾಗದಲ್ಲಿ ಬರಿಯ ಚುಕ್ಕೆಗಳು. ಕೆಳಗಿನ ಟಿಪ್ಪಣಿ ಇಷ್ಟೇ: ಸಂಪಾದಕನ ಅಲಕ್ಷ್ಯದಿಂದ ಪಾಠ ನಷ್ಟವಾಗಿದೆ. ಪುಸ್ತಕ ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ಮಾಸ್ತರರು, ಬಂದಾಗ ತಿಳಿಸುತ್ತೇನೆ ಎನ್ನುತ್ತಾರೆ. ಮೂರನೆಯ ಸಂಪುಟಕ್ಕೆ ನೋಡಬೇಕಾದ ಊರುಗಳ ಪಟ್ಟಿ ಅವರ ಮೇಜಿನ ಮೇಲಿದೆ. ಕೆರೆ ಕೆಲಸ, ರಸ್ತೆ ಕೆಲಸ ನಡೆಯಲಿರುವ ಊರುಗಳ ಹೆಸರು ಅದರಲ್ಲಿ ಮೊದಲಿಗೆ ಬಂದಿವೆ.