ದೂರು ಹೇಳಲು ಬರುವ ದೆವ್ವಗಳು

ದಕ್ಷಿಣ ಕೊರಿಯಾದ ಮಿರ್ಯಾಂಗ್ ಊರಿನಲ್ಲಿ ಹೊಳೆಯ ಮೇಲಣ ದಿಬ್ಬದಲ್ಲಿ ಯೋಂಗ್ನಾಮ್ನು ಎಂಬ ಮರದ ಮಂಟಪವಿದೆ. ಈಗ ನಿಂತಿರುವ ಕಟ್ಟಡ 1844ರದು. ಚಪ್ಪಲಿ ಕಳಚಿ ಹತ್ತಿದರೆ ದಪ್ಪ ಕಂಬಗಳು, ಬಣ್ಣ ಬಳಿದ ತೊಲೆಗಳು, ಗೋಡೆಯೇ ಇಲ್ಲದ್ದರಿಂದ ನಾಲ್ಕೂ ಕಡೆಯಿಂದ ನುಗ್ಗುವ ಗಾಳಿ. ನಾನು ಹೋದ ಬೆವರಿಳಿಸುವ ಬೇಸಿಗೆಯಲ್ಲೂ ಹಲಗೆ ಅಂಗಾಲಿಗೆ ತಣ್ಣಗಿತ್ತು. ಅಲ್ಲಿಂದ ಇಳಿದು ಹೊಳೆಯ ಕಡೆಗೆ ಮೆಟ್ಟಿಲು ಹಿಡಿದು ಹೋದರೆ ಬಿದಿರ ಮೆಳೆ, ಅದರ ಮಗ್ಗುಲಲ್ಲಿ ಒಂದು ಪುಟ್ಟ ಗುಡಿ. ಒಳಗೆ ತರುಣಿಯೊಬ್ಬಳ ಚಿತ್ರಪಟ. ಅವಳ ಹೆಸರು ಆರಾಂಗ್. ಊರಿಗೆ ಊರೇ ಹೆದರಿ ನಡುಗಿದ್ದ ದೆವ್ವಕ್ಕೆ ಆ ಊರೇ ಕಟ್ಟಿಕೊಟ್ಟ ಗುಡಿ ಅದು.

ಕಥೆ ಜೋಸನ್ ಅರಸರ ಕಾಲದ್ದು. ಆರಾಂಗ್ ಊರಿನ ಅಧಿಕಾರಿಯ ಮಗಳು. ಅವಳ ಮೇಲೆ ಕಣ್ಣು ಹಾಕಿದ ಕಚೇರಿಯ ಆಳೊಬ್ಬ ಅವಳ ದಾದಿಗೆ ದುಡ್ಡು ಕೊಟ್ಟು, ಬೆಳದಿಂಗಳು ನೋಡುವ ನೆಪದಲ್ಲಿ ಅವಳನ್ನು ಮಂಟಪಕ್ಕೆ ಕರೆಸಿದ. ಒಪ್ಪದಿದ್ದಾಗ ಕೊಂದು ಬಿದಿರ ಮೆಳೆಗೆ ಎಸೆದ. ಮಗಳು ಯಾರ ಜೊತೆಗೋ ಓಡಿಹೋದಳೆಂಬ ಮಾತು ಹಬ್ಬಿ, ಅಪ್ಪ ನಾಚಿಕೆಯಿಂದ ಹುದ್ದೆ ಬಿಟ್ಟು ಹೊರಟುಹೋದ. ಆಮೇಲೆ ಬಂದ ಅಧಿಕಾರಿಗಳೆಲ್ಲ ಮೊದಲ ರಾತ್ರಿಯೇ ಸತ್ತರು. ಕೂದಲು ಕೆದರಿದ, ರಕ್ತ ಮೆತ್ತಿದ ಹೆಣ್ಣು ಬಾಗಿಲಲ್ಲಿ ನಿಂತಾಗ ಹೆದರಿಕೆಗೇ ಅವರ ಪ್ರಾಣ ಹೋಗಿತ್ತು. ಆರಾಂಗ್ ಯಾರನ್ನೂ ಮುಟ್ಟಿರಲಿಲ್ಲ. ಊರ ಅಧಿಕಾರಿಯ ಹತ್ತಿರ ದೂರು ಕೊಡಲು ಬಂದಿದ್ದಳು. ಕೊನೆಗೆ ಒಬ್ಬ ಗಟ್ಟಿಗ ದೀಪ ಹಚ್ಚಿಟ್ಟುಕೊಂಡು ಕೂತು, ಅವಳು ಹೇಳಿದ್ದನ್ನೆಲ್ಲ ಕೇಳಿದ. ನಾಳೆ ಚಿಟ್ಟೆಯಾಗಿ ಬಂದು ಅಪರಾಧಿಯ ತಲೆಯ ಮೇಲೆ ಕೂರುತ್ತೇನೆ ಎಂದು ಹೇಳಿ ಹೋದವಳು ಮಾತು ಉಳಿಸಿಕೊಂಡಳು. ಕೊಲೆಗಾರನಿಗೆ ಶಿಕ್ಷೆಯಾಯಿತು, ಮೆಳೆಯಲ್ಲಿದ್ದ ಹೆಣಕ್ಕೆ ಸಂಸ್ಕಾರವಾಯಿತು, ದೆವ್ವ ಮತ್ತೆ ಬರಲಿಲ್ಲ.

ಗುಡಿಯ ಮುಂದೆ ನಿಂತಿದ್ದಾಗ ನನಗೆ ಮೈ ಜುಮ್ಮೆಂದಿತು. ವರ್ಷಗಳಿಂದ ಕತ್ತಲೆ ಕೋಣೆಯಲ್ಲಿ ಕೂತು ನೋಡಿದ್ದ ಎಷ್ಟೋ ಕೊರಿಯನ್ ಚಿತ್ರಗಳ ಬೇರು ಇಲ್ಲೇ ಕಾಲಡಿಯಲ್ಲಿತ್ತು. ಆರಾಂಗಳ ಹೆಸರಿನಲ್ಲೇ 2006ರಲ್ಲಿ ಒಂದು ಚಿತ್ರ ಬಂದಿದೆ. ಆದರೆ ನನ್ನ ಮನಸ್ಸು ಹೋದದ್ದು ಅದಕ್ಕಿಂತ ಆಳವಾದ ಇನ್ನೊಂದಕ್ಕೆ, ಕಿಮ್ ಜೀ-ವೂನ್ 2003ರಲ್ಲಿ ಮಾಡಿದ ‘ಎ ಟೇಲ್ ಆಫ್ ಟು ಸಿಸ್ಟರ್ಸ್’ಗೆ. ಅದರ ಮೂಲವೂ ಇಂಥದೇ ಹಳೆಯ ಕಥೆ. ಜಾಂಗ್ಹ್ವಾ, ಹೊಂಗ್ರ್ಯೋನ್ ಎಂಬ ಅಕ್ಕತಂಗಿಯರು ಮಲತಾಯಿಯ ಸಂಚಿನಿಂದ ಸಾಯುತ್ತಾರೆ, ನ್ಯಾಯ ಕೇಳಲು ಅಧಿಕಾರಿಯ ಬಳಿಗೆ ಹೋಗುತ್ತಾರೆ, ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಹೆದರಿ ಸಾಯುತ್ತಾರೆ. ಈ ಕಥೆ ಮೂಕಿ ಚಿತ್ರಗಳ ಕಾಲದಲ್ಲೇ, 1924ರಲ್ಲಿ, ಕೊರಿಯಾದ ಪರದೆಗೆ ಬಂದಿತ್ತು.

ಕಿಮ್ ಅಧಿಕಾರಿಯನ್ನು ಕೈಬಿಟ್ಟರು. ಊರನ್ನೂ ಕೈಬಿಟ್ಟು, ಹೂಬಳ್ಳಿಯ ಗೋಡೆಕಾಗದ ಅಂಟಿಸಿದ ಒಂದು ಒಂಟಿ ಮನೆಯನ್ನಷ್ಟೇ ಉಳಿಸಿಕೊಂಡರು. ಅಡುಗೆಮನೆಯ ಸಿಂಕಿನ ಕೆಳಗೆ ಕೂತ ಹುಡುಗಿಯನ್ನು ನೋಡಿ ಬೆಚ್ಚದವರಿಲ್ಲ. ನನ್ನನ್ನು ಇಂದಿಗೂ ಬಿಡದಿರುವುದು ಮಾತ್ರ ಕೊನೆಯ ಭಾಗ. ನೋಡದವರಿಗಾಗಿ ಪೂರ್ತಿ ಹೇಳುವುದಿಲ್ಲ. ಮಾಳಿಗೆಯಲ್ಲಿ ಏನೋ ದಬ್ಬೆಂದು ಬಿದ್ದ ಸದ್ದಾಗುತ್ತದೆ. ಒಬ್ಬಳು ಹೋಗಿ ನೋಡುತ್ತಾಳೆ, ನೋಡಿಯೂ ಹಿಂದಿರುಗುತ್ತಾಳೆ. ಇನ್ನೊಬ್ಬಳು ಸಿಟ್ಟಿನ ಭರದಲ್ಲಿ ಮನೆಯಿಂದ ಹೊರಗೆ ನಡೆದುಬಿಡುತ್ತಾಳೆ. ಅದುವರೆಗಿನ ಹೆದರಿಕೆಯೆಲ್ಲ ಆ ಕೆಲವೇ ನಿಮಿಷಗಳಲ್ಲಿ ಎಂಥ ದುಃಖವಾಗಿ ತಿರುಗುತ್ತದೆಂದರೆ, ಚಿತ್ರ ಮುಗಿದ ಮೇಲೂ ಎದ್ದು ದೀಪ ಹಾಕಲು ಕೈ ಬರುವುದಿಲ್ಲ. ಜಗತ್ತಿನ ಭಯದ ಚಿತ್ರಗಳಲ್ಲಿ ಇಷ್ಟು ಅಳಿಸಿದ್ದು ನನಗೆ ಬೇರೊಂದಿಲ್ಲ.

ಮಿರ್ಯಾಂಗಿಗೆ ಬರುವ ಮೊದಲು ಸೋಲ್ ನಗರದಲ್ಲಿ ಇನ್ವಾಂಗ್‌ಸಾನ್ ಬೆಟ್ಟ ಹತ್ತಿದ್ದೆ. ಮೆಟ್ರೊ ಇಳಿದು, ಎತ್ತರದ ಅಪಾರ್ಟ್‌ಮೆಂಟುಗಳ ನಡುವಿನ ಏರುದಾರಿಯಲ್ಲಿ ಸ್ವಲ್ಪ ಹೊತ್ತು ನಡೆದರೆ ಗುಕ್ಸಾದಾಂಗ್ ಸಿಗುತ್ತದೆ. ಇದು ಮುದಾಂಗರ, ಎಂದರೆ ಮೈಮೇಲೆ ಬರಿಸಿಕೊಳ್ಳುವ ಹೆಂಗಸರ, ಗುಡಿ. ಮೊದಲು ನಾಮ್ಸಾನ್ ಬೆಟ್ಟದ ಮೇಲಿತ್ತು. ಅಲ್ಲಿ ಜಪಾನೀಯರು ತಮ್ಮ ಶಿಂಟೊ ಗುಡಿ ಕಟ್ಟಿದಾಗ, 1925ರಲ್ಲಿ, ಇಲ್ಲಿಗೆ ಎತ್ತಂಗಡಿಯಾಯಿತು. ನಾನು ಹೋದಾಗ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಂಡೆಯಂಥ ವಾದ್ಯದ ಪೆಟ್ಟು, ತಾಳದ ಝಣಝಣ. ನಡುನಡುವೆ ಒಂದು ಹೆಣ್ಣು ದನಿ ಏರಿ ಇಳಿಯುತ್ತಿತ್ತು. ಗುತ್ ಎಂಬ ಈ ಆಚರಣೆಯಲ್ಲಿ ಸತ್ತವರು ಮುದಾಂಗಳ ಬಾಯಿಂದ ಮಾತಾಡುತ್ತಾರೆ, ಹೇಳದೆ ಉಳಿದದ್ದನ್ನು ಹೇಳಿಕೊಂಡು ಅಳುತ್ತಾರೆ, ಮನೆಯವರು ಎದುರಿಗೆ ಕೂತು ಅಳುತ್ತಾರೆ. ಕಲ್ಕುಡ–ಕಲ್ಲುರ್ಟಿಯರು ತಮಗಾದ ಅನ್ಯಾಯದ ಸಿಟ್ಟಿನಿಂದಲೇ ದೈವಗಳಾಗಿ ನಿಂತ ನಮ್ಮ ಕರಾವಳಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ‘ಎಕ್ಸ್‌ಹ್ಯೂಮಾ’ ಚಿತ್ರದಲ್ಲಿ ಕಿಮ್ ಗೋ-ಉನ್ ಮುದಾಂಗಳಾಗಿ ಕತ್ತಿ ಹಿಡಿದು ಕುಣಿದಾಗ ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಆ ಚಿತ್ರದಲ್ಲಿ ಗೋರಿಯಿಂದ ಏಳುವುದು ಒಂದು ಮನೆತನದ ಪಾಪದ ಜೊತೆಗೆ ಜಪಾನೀ ಆಳ್ವಿಕೆಯ ಗಾಯ ಕೂಡ.

ಸೋಲ್‌ನ ಬೀದಿಗಳಲ್ಲಿ ಕತ್ತಲಾದ ಮೇಲೂ ಯೂನಿಫಾರ್ಮ್ ತೊಟ್ಟ ಮಕ್ಕಳು ಟ್ಯೂಷನ್ ಮುಗಿಸಿ ತೂಕಡಿಸುತ್ತ ಬಸ್ಸು ಕಾಯುವುದನ್ನು ನೋಡಿದೆ. 1998ರ ‘ವಿಸ್ಪರಿಂಗ್ ಕಾರಿಡಾರ್ಸ್’ ನೆನಪಾಯಿತು. ಚಲನಚಿತ್ರಗಳ ಪೂರ್ವ ಸೆನ್ಸಾರ್ ಸಂವಿಧಾನಬಾಹಿರವೆಂದು ಅಲ್ಲಿನ ನ್ಯಾಯಾಲಯ 1996ರಲ್ಲಿ ತೀರ್ಪು ಕೊಟ್ಟ ಮೇಲೆ ಬಂದ ಚಿತ್ರ ಅದು. ಹೆಣ್ಣುಮಕ್ಕಳ ಶಾಲೆ, ಕೈ ಮಾಡುವ ಮೇಷ್ಟ್ರು, ರ‍್ಯಾಂಕಿನ ಪೈಪೋಟಿ. ಸತ್ತ ಹುಡುಗಿಯೊಬ್ಬಳು ಅದೇ ಶಾಲೆಗೆ ವರ್ಷಗಟ್ಟಲೆ ವಿದ್ಯಾರ್ಥಿನಿಯಾಗಿ ಬರುತ್ತಲೇ ಇರುತ್ತಾಳೆ, ಯಾರೂ ಗಮನಿಸುವುದಿಲ್ಲ. ಆ ಚಿತ್ರದಲ್ಲಿ ನನಗೆ ಅತ್ಯಂತ ಭಯವಾದದ್ದು ಈ ಗಮನಿಸದಿರುವಿಕೆಯೇ. ಕಾರಿಡಾರಿನಲ್ಲಿ ದೆವ್ವ ಹೆಜ್ಜೆಯಿಡದೆ ಒಮ್ಮೆಗೇ ಹತ್ತಿರ ಹತ್ತಿರ ನೆಗೆದು ಬರುವ ಆ ಪ್ರಸಿದ್ಧ ದೃಶ್ಯದ ಭಯವೂ ಅದರ ನಂತರವೇ.

ಮಿರ್ಯಾಂಗಿನಿಂದ ಪಶ್ಚಿಮಕ್ಕೆ, ಬಸ್ಸು ಬದಲಿಸುತ್ತ, ಬೆಟ್ಟಗಳ ನಡುವೆ ಗೋಕ್‌ಸೊಂಗ್‌ಗೆ ಹೋದೆ. ನಾ ಹೊಂಗ್-ಜಿನ್ ಅವರ 2016ರ ‘ದಿ ವೇಲಿಂಗ್’ ನಡೆಯುವ ಊರು. ಚಿತ್ರದಲ್ಲಿ ಮಳೆ, ಕೆಸರು, ಹುಚ್ಚು ಹಿಡಿದ ಮನೆಗಳು. ನನ್ನೆದುರಿಗೆ ಸೊಮ್‌ಜಿನ್ ಹೊಳೆ ನಿಧಾನವಾಗಿ ತಿರುಗಿ ಹರಿಯುತ್ತಿತ್ತು, ಪ್ರವಾಸಿಗರ ರೈಲು ಶಿಳ್ಳೆ ಹಾಕುತ್ತಿತ್ತು. ಆರಾಂಗಳ ಕಥೆಯಲ್ಲಿ ಕೇಳಿಸಿಕೊಂಡರೆ ಸಾಕಿತ್ತು. ಈ ಚಿತ್ರದ ಪೊಲೀಸ್ ಜೋಂಗ್-ಗೂನ ಎದುರಿಗೆ ಮಾತಾಡುವವರು ಹಲವರು. ಮಂತ್ರ ಹಾಕುವವನು ಒಂದು ಹೇಳುತ್ತಾನೆ, ಊರ ಜನ ಇನ್ನೊಂದು, ಬಿಳಿ ಬಟ್ಟೆಯ ಹೆಣ್ಣು ಮತ್ತೊಂದು. ಮಗಳು ಕಾಯಿಲೆಯಲ್ಲಿ ನರಳುತ್ತಿದ್ದಾಳೆ, ಯಾರನ್ನು ನಂಬುವುದೆಂದು ಅವನಿಗೆ ತಿಳಿಯದು. ಕೋಳಿ ಮೂರು ಸಲ ಕೂಗುವವರೆಗೆ ಮನೆಗೆ ಹೋಗಬೇಡ ಎಂದು ಆ ಹೆಣ್ಣು ಅಂಗಲಾಚುತ್ತಾಳೆ. ಅವನು ಮೂರನೆಯ ಕೂಗಿಗೆ ಮೊದಲೇ ಓಡುತ್ತಾನೆ. ಪ್ರತಿ ಸಲ ನೋಡುವಾಗಲೂ ಅವನ ತೋಳು ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಆದರೆ ಒಳಗೆ ಮಲಗಿರುವುದು ಅವನ ಮಗಳು, ಅವನ ಜಾಗದಲ್ಲಿದ್ದರೆ ನಾನೂ ಓಡುತ್ತಿದ್ದೆ.